ಅಕ್ಕನ ಮೂಗು

ಮೂಗಿಗೆ ನಮ್ಮ ಕವಿಗಳು ಮಾಡಿರುವ ಅನ್ಯಾಯ ಅಷ್ಟಿಷ್ಟಲ್ಲ. ಕಣ್ಣಿನ ಮಾತು ಬಂದರೆ ಅದರ ನೋಟವನ್ನು ಹೊಗಳುತ್ತಾರೆ. ಕಿವಿಯಾದರೆ ಗಾನವನ್ನು ಸವಿಯುವುದೆಂದು ಕೊಂಡಾಡುತ್ತಾರೆ. ಮೂಗಿನ ಸರದಿ ಬಂದಾಗ ಮಾತ್ರ ಸಂಪಿಗೆಯ ಎಸಳಿನಂತಿದೆ ಎಂದು ಅದರ ಆಕಾರಕ್ಕೆ ಒಂದು ಉಪಮೆಯನ್ನು ಕೊಟ್ಟು ಮುಂದೆ ಸಾಗಿಬಿಡುತ್ತಾರೆ. ಅದು ಮಾಡುವ ಕೆಲಸವೇನೆಂದು ಕೇಳಿದವರು ಕಡಮೆ. ನಾನೂ ಕೇಳಿದವನಲ್ಲ. ಕನ್ನಡಕವನ್ನು ನಿಲ್ಲಿಸುವುದಕ್ಕೆ, ನೆಗಡಿಯಾದಾಗ ಸೋರುವುದಕ್ಕೆ, ಬೇರೆಯವರ ವ್ಯವಹಾರದಲ್ಲಿ ತೂರಿಸುವುದಕ್ಕೆ ದೇವರು ಮೂಗನ್ನು ಕೊಟ್ಟಿದ್ದಾನೆಂದು ನಂಬಿ ಅರುವತ್ತೆಂಟು ವರ್ಷ ಕಳೆದವನು ನಾನು. ಆ ನಂಬಿಕೆ ತಪ್ಪೆಂದು ತಿಳಿದುದು ೨೦೨೧ರ ಕೊನೆಯಲ್ಲಿ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ನನ್ನ ಅಕ್ಕನ ಅಡಿಗೆಯ ಮನೆಯಲ್ಲಿ.

ಅಕ್ಕನ ಮೂಗು ನಮ್ಮ ಬಂಧುಬಳಗದಲ್ಲೆಲ್ಲ ಪ್ರಸಿದ್ಧವಾಗಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಇದ್ದಕ್ಕಿದ್ದಂತೆ "ಹಾಲು!" ಎಂದು ಕೂಗಿ ಒಳಕ್ಕೆ ಓಡುವಳು, ಹಾಲು ಉಕ್ಕುವುದಕ್ಕೆ ಇನ್ನೂ ಅರ್ಧ ನಿಮಿಷವಿರುತ್ತಿತ್ತು. ಎದುರುಮನೆಯವರು ಇಂಗಿಗೆ ಎಷ್ಟು ದುಡ್ಡು ಕೊಟ್ಟರೆಂಬುದನ್ನು ಅವರ ಒಗ್ಗರಣೆಯಿಂದಲೇ ಹೇಳಬಲ್ಲವಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದೇ ಒಂದು ಸಲ ಬೀಡಿ ಸೇದಿ, ನಾಲ್ಕು ಲವಂಗ ಜಗಿದು, ಕೈಗೆ ಸೋಪು ಹಚ್ಚಿ ತೊಳೆದು, ಒಂದು ಗಂಟೆ ಕೆರೆಯ ಏರಿಯ ಮೇಲೆ ಗಾಳಿಗೆ ನಿಂತು ಮನೆಗೆ ಹೋದೆ. ಅಕ್ಕ ಬಾಗಿಲಲ್ಲಿಯೇ "ಯಾರು ಕೊಟ್ಟರೋ?" ಎಂದಳು. ಅಂದಿನಿಂದ ನಾನು ಸಜ್ಜನನಾದೆ.

ಭಾವನವರು ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗೆ ಮದ್ದು ಸಿಡಿಸುವ ತಂಡದ ಮೇಲ್ವಿಚಾರಕರಾಗಿದ್ದರು. ಆ ಗಣಿ ನೆಲದಡಿಯಲ್ಲಿ ೩ ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಅವರು ಪಾಳಿ ಮುಗಿಸಿ ಬಂದು ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿದರೆ ಸಾಕು, ಪಾತಾಳದ ವರ್ತಮಾನವೆಲ್ಲ ಅಕ್ಕನಿಗೆ ತಿಳಿಯುತ್ತಿತ್ತು. ಇಂದು ಮದ್ದು ಹಾರಿಸಿದ್ದಾರೆ. ಇಂದು ಹೊಗೆ ತಿಳಿಯಾಗುವ ಮೊದಲೇ ಒಳಕ್ಕೆ ನುಗ್ಗಿದ್ದಾರೆ. ಈ ಎರಡನೆಯದು ಗೊತ್ತಾದ ದಿನ ಭಾವನವರ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅವರು ಮಾತಿಲ್ಲದೆ ಉಂಡು, ನನ್ನ ಕಡೆ ತಿರುಗಿ, "ವಾಸನೆ ಇರುವ ಹೊಗೆಗೆ ನಾವು ಹೆದರುವುದಿಲ್ಲ ಕಣಯ್ಯ. ವಾಸನೆಯೇ ಇಲ್ಲದ್ದು ಒಂದು ಇದೆ, ಅದಕ್ಕೆ ಹೆದರುತ್ತೇವೆ" ಎನ್ನುವರು. ಅವರು ಹೇಳುತ್ತಿದ್ದುದು ಇಂಗಾಲದ ಮಾನಾಕ್ಸೈಡಿನ ವಿಷಯ. ಆಗ ನನಗೆ ಅದು ದೆವ್ವದ ಕಥೆಯಂತೆ ಕೇಳಿಸುತ್ತಿತ್ತು.

ನೂರಿಪ್ಪತ್ತು ವರ್ಷ ನಡೆದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಭಾವನವರು ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ನೆಲೆನಿಂತರು. "ಬಾಮ್ಮ" ಎಂದು ಅವರು ಕರೆಯುವುದು, "ಬಂದರೆ ಬೇಯಿಸುವುದಕ್ಕೆ ನಿಮ್ಮ ಮನೆಯಲ್ಲಿ ನನಗೊಂದು ಒಲೆ ಕೊಡುತ್ತೀರಾ?" ಎಂದು ಇವಳು ಕೇಳುವುದು, ಅವರು ಸುಮ್ಮನಾಗುವುದು. ಹೀಗೆ ಇಪ್ಪತ್ತು ವರ್ಷ ಅಕ್ಕ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಒಬ್ಬಳೇ ಎಂದರೆ ಪೂರಾ ನಿಜವಲ್ಲ. ಪಕ್ಕದಲ್ಲಿ ಒಂದು ತಮಿಳು ಸಂಸಾರವಿದೆ. ಆ ಮನೆಯಾಕೆಯ ಕನ್ನಡವೂ ಅಕ್ಕನ ತಮಿಳೂ ನಡುಗೋಡೆಯ ಮೇಲೆ ದಿನಕ್ಕೆ ನಾಲ್ಕು ಸಲ ಸೇರಿ, ಎರಡಕ್ಕೂ ಸೇರದ ಒಂದು ಭಾಷೆಯಲ್ಲಿ ಊರಿನ ಸಮಾಚಾರವನ್ನೆಲ್ಲ ಮುಗಿಸುತ್ತವೆ.

೨೦೨೧ರ ಬೇಸಿಗೆಯಲ್ಲಿ ಮನೆಮನೆಗೂ ಬಂದ ಜ್ವರ ಅಕ್ಕನಿಗೂ ಬಂತು, ಹೋಯಿತು. ಆಮೇಲೆ ಫೋನಿನಲ್ಲಿ ಅವಳ ಮಾತಿನ ಧಾಟಿ ಬದಲಾಯಿತು. "ಈಗಿನ ಕೊತ್ತಂಬರಿಯಲ್ಲಿ ಸತ್ವವೇ ಇಲ್ಲ ಕಣೋ." "ಇಂಗಿನಲ್ಲೂ ಮೋಸ ಮಾಡುತ್ತಾರೆ." "ಕಾಫಿಪುಡಿಯ ಅಂಗಡಿ ಬದಲಾಯಿಸಿದೆ, ಅದೂ ಅಷ್ಟೆ." ನಾನು ಕಾಲ ಕೆಟ್ಟುದರ ವಿಷಯವಾಗಿ ನನ್ನ ಎರಡು ಮಾತನ್ನೂ ಸೇರಿಸಿ ಫೋನು ಇಡುತ್ತಿದ್ದೆ. ಊರಿನ ಅಂಗಡಿಯವರೆಲ್ಲ ಒಂದೇ ತಿಂಗಳಿನಲ್ಲಿ ಕೆಡುವುದು ಹೇಗೆ ಎಂದು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ, ಹೇಳದೆ ಹೊರಟೆ. ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪಂ ಗಾಡಿಗೆ ಹತ್ತಿ, ಊರಿಗಾಂ ನಿಲ್ದಾಣದಿಂದ ಆಟೋ ಹಿಡಿದು ಮನೆಯ ಮುಂದೆ ಇಳಿಯುವಾಗ ದೀಪ ಹಚ್ಚುವ ಹೊತ್ತು. ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು. ತಳ್ಳಿದೊಡನೆ ಕೊಳೆತ ಕೋಸಿನಂಥ ಒಂದು ದುರ್ನಾತ ಮುಖಕ್ಕೆ ಹೊಡೆಯಿತು. ಅಡಿಗೆಯ ಮನೆಯಲ್ಲಿ ಸಾರು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು; ಉರಿ ಆರಿತ್ತು; ತಿರುಪು ತೆರೆದೇ ಇತ್ತು. ಹಿತ್ತಲಿನಿಂದ ಆಗತಾನೆ ಒಳಕ್ಕೆ ಬಂದ ಅಕ್ಕ, ಆ ವಾಸನೆಯ ನಡುವೆ, ದೇವರ ಗೂಡಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಬೆಂಕಿಪೊಟ್ಟಣ.

"ಅಕ್ಕಾ, ಗೀರಬೇಡ!"

"ಬಂದದ್ದೂ ಬಂದೆ, ದೀಪ ಹಚ್ಚುವ ಹೊತ್ತಿನಲ್ಲಿ ಇದೇನೋ ಅಪಶಕುನ?"

ಪೊಟ್ಟಣವನ್ನು ಕಿತ್ತುಕೊಂಡೆ. ಅಷ್ಟರಮಟ್ಟಿಗೆ ನಾನು ಬುದ್ಧಿವಂತ. ಆಮೇಲೆ ನಾನು ಮಾಡಹೊರಟುದನ್ನು ಹೇಳದಿದ್ದರೆ ಓದುಗರಿಗೆ ನನ್ನ ಮೇಲೆ ಇಲ್ಲದ ಗೌರವ ಹುಟ್ಟೀತು. ಅನಿಲವನ್ನು ಹೊರಕ್ಕೆ ಓಡಿಸಬೇಕೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದೆ. "ಸ್ವಿಚ್ ಮುಟ್ಟಬೇಡಿ ಸಾರ್!" ಎಂದು ಹಿಂಬಾಗಿಲಿನಿಂದ ಒಂದು ಕೂಗು ಬಂತು. ಪಕ್ಕದ ಮನೆಯಾಕೆ ವಾಸನೆ ಹಿಡಿದು ಓಡಿಬಂದಿದ್ದಳು. ಸ್ವಿಚ್ಚು ಒತ್ತುವಾಗ ಒಳಗೆ ಹಾರುವ ಕಿಡಿ, ಕಡ್ಡಿ ಗೀರಿದ ಕಿಡಿಗಿಂತ ಸಜ್ಜನನೇನೂ ಅಲ್ಲ. ಆಕೆ ಒಲೆಯ ತಿರುಪನ್ನು ಮುಚ್ಚಿ, ಸಿಲಿಂಡರಿನ ರೆಗ್ಯುಲೇಟರನ್ನು ಕೆಳಗಿಳಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಮೊರವನ್ನು ತೆಗೆದುಕೊಂಡು, ಕಾಣದ ಕಸವನ್ನು ಹೊರಹಾಕುವವಳಂತೆ ನೆಲದ ಮಟ್ಟದಲ್ಲಿಯೇ ಹಿತ್ತಲ ಕಡೆಗೆ ಬೀಸಿದಳು. ಬೀದಿಗೆ ಬಂದಮೇಲೆ, ಅಡಿಗೆ ಅನಿಲ ಸೋರಿದಾಗ ಕರೆಯುವ ೧೯೦೬ಕ್ಕೆ ಫೋನು ಮಾಡಿದಳು. ನಾವು ಮೂವರೂ ಬಹಳ ಹೊತ್ತು ಹೊರಗೇ ನಿಂತಿದ್ದೆವು.

"ವಾಸನೆ ಇತ್ತೇನೋ?" ಎಂದಳು ಅಕ್ಕ, ಎಷ್ಟೋ ಹೊತ್ತಿನ ಮೇಲೆ.

"ಇತ್ತಕ್ಕ."

"ಬಹಳ ಇತ್ತೇ?"

"ಬಾಗಿಲಿಗೇ ಬರುತ್ತಿತ್ತು."

ಅವಳು ಸೆರಗಿನಲ್ಲಿದ್ದ ಹೂವನ್ನು ಒಂದೊಂದಾಗಿ ನೋಡಿದಳು. "ಏಳು ತಿಂಗಳಾಯಿತು. ಮಲ್ಲಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಮಕ್ಕಳಿಗೆ ಹೇಳಬೇಡ. ಹೇಳಿದರೆ ನನ್ನ ಒಲೆ ಕಿತ್ತುಕೊಂಡುಬಿಡುತ್ತಾರೆ."

ಇಂಥ ಮಾತಿಗೆ ಏನು ಉತ್ತರ ಹೇಳುವುದು? ಹೇಳುವುದಿಲ್ಲವೆಂದರೆ ಅವಳ ಪ್ರಾಣಕ್ಕೆ ಕುತ್ತು. ಹೇಳಿದರೆ ಅವಳು ಬದುಕುವ ಬದುಕಿಗೆ ಕುತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ದಾರಿ ತೋರಿಸಿದವನು ಪಕ್ಕದ ಮನೆಯ ಹುಡುಗ. ಹುಡುಗನೆಂದರೆ ಮೂವತ್ತರ ಹತ್ತಿರದವನು. ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಗೆ ಊಟ ಸರಿಯಾದ ಹೊತ್ತಿಗೆ ಬೀಳುವುದಿಲ್ಲವೆಂದು ಅವನೇ ನಗುತ್ತಾನೆ. ಪಾಠ ಮುಗಿದ ಮೇಲೆ ಸಂಶೋಧನೆ. ಏನು ಸಂಶೋಧನೆಯೆಂದು ಕೇಳಿದೆ. "ಅಡಿಗೆ ಅನಿಲ ಸೋರಿದರೆ ಕಂಡುಹಿಡಿಯುವ ತೆಳುಪೊರೆ ಸಾರ್" ಎಂದ. ನಡುಗೋಡೆಯ ಆ ಕಡೆ ಇಂಥ ವಿದ್ಯೆ, ಈ ಕಡೆ ಬೆಂಕಿಪೊಟ್ಟಣ! ಮಾರನೆಯ ಬೆಳಿಗ್ಗೆ ಅವನ ಜೊತೆಯಲ್ಲಿಯೇ ಬಂಗಾರಪೇಟೆಗೆ ಹೊರಟೆ.

ಗಾಡಿಯಲ್ಲಿ ಅವನು ಹೇಳಿದ ಮೊದಲನೆಯ ಮಾತೇ ನನ್ನನ್ನು ಬೆಚ್ಚಿಬೀಳಿಸಿತು. ಅಡಿಗೆ ಅನಿಲಕ್ಕೆ ಹೇಳಿಕೊಳ್ಳುವಂಥ ಸ್ವಂತ ವಾಸನೆಯೇ ಇಲ್ಲವಂತೆ! ಪ್ರೊಪೇನು, ಬ್ಯೂಟೇನು ಎಂಬವು ಅದರಲ್ಲಿರುವುದು. ನಾವು ಬೈದುಕೊಳ್ಳುವ ದುರ್ನಾತ ಬೇಕೆಂದೇ ಬೆರಸಿದ್ದು. ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ೧೯೩೭ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ, ಶೇಖರವಾಗಿ, ಸಿಡಿದು ಸುಮಾರು ೩೦೦ ಮಂದಿ ಸತ್ತರು, ಬಹುಪಾಲು ಮಕ್ಕಳು. ಅನಿಲಕ್ಕೆ ನಾತ ಬೆರಸಲೇಬೇಕೆಂಬ ಕಟ್ಟಳೆ ಅಲ್ಲಿ ಬಂದುದು ಆ ಮೇಲೆ. ಅಮೆರಿಕ, ಕೆನಡಗಳ ಎಷ್ಟೋ ಲೋಹದ ಗಣಿಗಳಲ್ಲಿ, ಅಪಾಯವಾದಾಗ ಕೆಳಗಿರುವವರಿಗೆ ಕೂಗು ಕೇಳಿಸುವುದಿಲ್ಲವೆಂದು, ಇದೇ ಜಾತಿಯ ನಾತವನ್ನು ಗಾಳಿಯ ಕೊಳವೆಗೆ ಬಿಡುತ್ತಾರೆ. ನಾತ ಬಂದೊಡನೆ ಕೆಲಸ ಬಿಟ್ಟು ಸುರಕ್ಷಿತವಾದ ಜಾಗಕ್ಕೆ ಓಡಬೇಕು.

"ಆದರೆ ಸಾರ್, ಈ ಏರ್ಪಾಡಿನಲ್ಲಿ ಅರ್ಧ ಮಾತ್ರ ಸಿಲಿಂಡರಿನಲ್ಲಿ ಇರುವುದು. ಉಳಿದರ್ಧ ನಮ್ಮ ಮೂಗಿನಲ್ಲಿ." ನೆಗಡಿಯಾದ ಮೂಗು, ವಯಸ್ಸಾದ ಮೂಗು, ಜ್ವರದಲ್ಲಿ ಸೋತ ಮೂಗು ಇದ್ದರೆ ಆ ಅರ್ಧ ಹೋಯಿತು. ಆರೋಗ್ಯವಾದ ಮೂಗು ಕೂಡ ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತದೆ. ನಿದ್ರೆಯಲ್ಲಿರುವವನನ್ನು ಸದ್ದು ಎಬ್ಬಿಸೀತೇ ಹೊರತು ವಾಸನೆ ಎಬ್ಬಿಸುವುದಿಲ್ಲ. ಇತ್ತ ಅನಿಲಕ್ಕೋ ಹೆಚ್ಚು ಬೇಕಾಗಿಲ್ಲ. ಗಾಳಿಯಲ್ಲಿ ನೂರಕ್ಕೆ ಸುಮಾರು ೨ ಪಾಲು ಸೇರಿದರೆ ಹೊತ್ತಿಕೊಳ್ಳುವುದಕ್ಕೆ ಒಂದು ಕಿಡಿ ಸಾಕು.

ಪ್ರಯೋಗಶಾಲೆ ಎಂದೊಡನೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಕಂಡುದು ಒಂದು ವಿದ್ಯುತ್ತಿನ ಕಾವಲಿ, ಅದರ ಮೇಲೆ ಗಾಜಿನ ಚೂರು, ಮೇಲಿನಿಂದ ಸಣ್ಣಗೆ ತುಂತುರು ಚಿಮುಕಿಸುವ ಒಂದು ಮೂತಿ. ಸತುವಿನ ಅಸಿಟೇಟನ್ನು ನೀರಿನಲ್ಲಿ ಕರಗಿಸಿ, ಸುಮಾರು ೪೦೦ ಡಿಗ್ರಿಗೆ ಕಾದ ಗಾಜಿನ ಮೇಲೆ ಚಿಮುಕಿಸುತ್ತಾನೆ. ನೀರು ಆವಿಯಾಗಿ, ವಿನಿಗರಿನಂಥ ಒಂದು ಹುಳಿವಾಸನೆ ಎದ್ದು, ಸತುವಿನ ಆಕ್ಸೈಡು ಪೊರೆಯಾಗಿ ಕೂರುತ್ತದೆ.

"ರವೆದೋಸೆ ಹುಯ್ಯುವುದಕ್ಕೂ ಇದಕ್ಕೂ ಏನಯ್ಯ ವ್ಯತ್ಯಾಸ?"

"ದಪ್ಪದಲ್ಲಿ ಸಾರ್. ಕೂದಲೆಳೆಯನ್ನು ಇನ್ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು."

ಬೆಳಕಿಗೆ ಹಿಡಿದು ತೋರಿಸಿದ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಬಣ್ಣಗಳು. ಅದರ ಮೇಲೆ ಬಾಚಣಿಗೆಯ ಹಲ್ಲಿನಂತೆ ಹಳದಿಯ ಗೆರೆಗಳು. "ಇದು ಚಿನ್ನ ಸಾರ್. ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರುತ್ತೇನೆ. ವಿದ್ಯುತ್ತು ಒಳಕ್ಕೆ ಹೋಗಿ ಹೊರಕ್ಕೆ ಬರುವುದಕ್ಕೆ ದಾರಿ." ನಮ್ಮ ಊರಿನ ನೆಲದಿಂದ ಎಷ್ಟೋ ಟನ್ನು ಚಿನ್ನ ಹೊರಕ್ಕೆ ಹೋಯಿತು, ಕಣ್ಣಿಗೆ ಕಾಣುವಷ್ಟು ಕೂಡ ದಪ್ಪವಿಲ್ಲದ ಈ ಗೆರೆ ರೈಲು ಹತ್ತಿ ಹಿಂದಕ್ಕೆ ಬಂದಿದೆ.

ಪೊರೆ ಅನಿಲವನ್ನು ಹೇಗೆ ಅರಿಯುತ್ತದೆ? ಅವನು ಹೇಳಿದುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಈ ಊರಿನವರಿಗೆ ಗಿರವಿ ಅಂಗಡಿ ಗೊತ್ತು. ಗಾಳಿಯಲ್ಲಿರುವ ಆಮ್ಲಜನಕವೇ ಗಿರವಿ ಹಿಡಿಯುವವನು. ಅದು ಕಾದ ಪೊರೆಯ ಮೈಮೇಲೆ ಬಂದು ಕುಳಿತು, ಪೊರೆಯಲ್ಲಿ ಓಡಾಡಬೇಕಾದ ಎಲೆಕ್ಟ್ರಾನುಗಳನ್ನು ಒತ್ತೆಯಾಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಕಾಸಿಲ್ಲದ ಸಂಸಾರದಂತೆ ಪೊರೆ ಬಡವಾಗಿ, ಅದರಲ್ಲಿ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಅಡಿಗೆ ಅನಿಲ ಬಂತೆನ್ನಿ. ಆ ಆಮ್ಲಜನಕ ಅನಿಲದೊಡನೆ ಸೇರಿ ಉರಿದು ನೀರಾವಿಯಾಗಿ, ಇಂಗಾಲದ ಡೈ ಆಕ್ಸೈಡಾಗಿ ಎದ್ದುಹೋಗುತ್ತದೆ. ಹೋಗುವಾಗ ಒತ್ತೆಯನ್ನು ಬಿಟ್ಟುಹೋಗುತ್ತದೆ. ಎಲೆಕ್ಟ್ರಾನುಗಳು ಮನೆಗೆ ಬಂದವು, ವಿದ್ಯುತ್ತು ಸರಾಗವಾಗಿ ಹರಿಯಿತು, ಗಂಟೆ ಹೊಡೆಯಿತು. ಪೊರೆ ಏಕೆ ತೆಳ್ಳಗಿರಬೇಕೆಂದರೆ, ದಪ್ಪಗಿದ್ದರೆ ಜಗಲಿಯಲ್ಲಿ ನಡೆದ ವ್ಯವಹಾರ ಒಳಮನೆಗೆ ಮುಟ್ಟುವುದೇ ಇಲ್ಲ. ತೆಳ್ಳಗಿದ್ದರೆ ಮನೆಯೆಲ್ಲ ಜಗಲಿಯೇ.

ಈ ವಿದ್ಯೆ ಹುಟ್ಟಿದುದು ಜಪಾನಿನಲ್ಲಿ. ೧೯೬೨ರಲ್ಲಿ ಕ್ಯೂಶು ವಿಶ್ವವಿದ್ಯಾಲಯದ ಸೆಯಿಯಾಮ ಮತ್ತು ಅವರ ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪೊರೆ ಅನಿಲವನ್ನು ಗುರುತಿಸುವುದನ್ನು ಪ್ರಕಟಿಸಿದರು. ಅದೇ ವರ್ಷ ತಾಗುಚಿ ಎಂಬಾತ ತವರದ ಆಕ್ಸೈಡಿನಿಂದ ಮಾಡಿದ ಉಪಕರಣಕ್ಕೆ ಹಕ್ಕುಪತ್ರ ಕೇಳಿದ. ನಮ್ಮ ಅಡಿಗೆ ಮನೆಗಳಲ್ಲಿ ಸೌದೆಯೊಲೆ, ಸೀಮೆಎಣ್ಣೆಯ ಸ್ಟೌಗಳು ಬುಸುಗುಟ್ಟುತ್ತಿದ್ದ ಕಾಲ ಅದು.

"ಕಾಣದ್ದನ್ನು ಹಿಡಿಯುವುದು ನಮ್ಮ ಊರಿಗೆ ಹೊಸದಲ್ಲ ಸಾರ್" ಎಂದ ಹುಡುಗ. ನಿಜವೇ. ೧೯೬೫ರಲ್ಲಿ, ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಎಂಬ ಕಣ ಗಾಳಿಯ ಮಂಡಲದಲ್ಲಿ ಹುಟ್ಟಿ ಬಂದುದರ ಗುರುತನ್ನು ನಮ್ಮ ಗಣಿಯ ಆಳದಲ್ಲಿಯೇ ವಿಜ್ಞಾನಿಗಳು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆಗೆ ಜಪಾನಿನವರು, ಇಂಗ್ಲೆಂಡಿನವರು ಸೇರಿದ್ದ ಆ ತಂಡದಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರೂ ಇದ್ದರು. ಸೂರ್ಯಚಂದ್ರರ ಆಚೆಯದನ್ನು ಹಿಡಿಯಲೆಂದು ಪಾತಾಳಕ್ಕೆ ಇಳಿದವರ ಊರಿನಲ್ಲಿ, ಒಲೆಯ ಪಕ್ಕದ್ದನ್ನು ಹಿಡಿಯುವ ಒಬ್ಬ ಇದ್ದರೆ ಆಶ್ಚರ್ಯವಿಲ್ಲ.

ಮಧ್ಯಾಹ್ನ ಪೇಟೆಯಲ್ಲಿ ಪಾನಿಪೂರಿ ತಿನ್ನಿಸಿದ. ಬಂಗಾರಪೇಟೆಯ ಪಾನಿಪೂರಿಯ ನೀರನ್ನು ಕಾಣದವರಿಗೆ ಹೇಳುತ್ತೇನೆ: ಅದು ಹಸುರಲ್ಲ, ಕೆಂಪಲ್ಲ, ಬರಿಯ ತಿಳಿನೀರು. ಬಾವಿಯಿಂದ ಆಗತಾನೆ ಸೇದಿ ತಂದಂತೆ ಕಾಣುತ್ತದೆ. ಬಾಯಿಗೆ ಬಿದ್ದಮೇಲೆ ಕಣ್ಣಿನಲ್ಲಿ ನೀರು. ಕಣ್ಣನ್ನು ನಂಬಿ ಕೆಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು. ಕಣ್ಣೊರಸಿಕೊಂಡು, "ನಿನ್ನ ಪೊರೆಯಿಂದಲೇ ಅಕ್ಕನಿಗೆ ಒಂದು ಪೆಟ್ಟಿಗೆ ಮಾಡಿಕೊಡಪ್ಪ" ಎಂದೆ.

ಅವನು ತಲೆ ಅಲ್ಲಾಡಿಸಿದ. "ಇನ್ನೂ ನಂಬುವ ಹಾಗಿಲ್ಲ ಸಾರ್. ಮಳೆ ಬಂದು ಗಾಳಿ ತೇವವಾದರೆ ಲೆಕ್ಕ ತಪ್ಪುತ್ತದೆ. ಒಗ್ಗರಣೆಗೆ, ಸ್ಪಿರಿಟ್ಟಿಗೆ ಕೂಡ ಕೂಗುತ್ತದೆ. ಅಜ್ಜಿಯ ಮನೆಯಲ್ಲಿ ನಾನು ಪ್ರಯೋಗ ಮಾಡುವುದಿಲ್ಲ. ಅಂಗಡಿಯಲ್ಲಿ ಸಿಗುವುದನ್ನು ತಂದುಹಾಕೋಣ." ಅಂಗಡಿಯದರಲ್ಲಿಯೂ ಸಾಮಾನ್ಯವಾಗಿ ತವರದ ಆಕ್ಸೈಡೇ ಇರುವುದು, ಪೊರೆಯಲ್ಲ, ಪುಡಿಯನ್ನು ಮೆತ್ತಿ ಸುಟ್ಟದ್ದು. ಅದನ್ನು ಸದಾ ಕಾಯಿಸಿಡುವುದಕ್ಕೆ ಮುಕ್ಕಾಲು ವಾಟಿನಷ್ಟು ವಿದ್ಯುತ್ತು ಬೇಕು. ಮನೆಯ ಕರೆಂಟಿನಲ್ಲಿ ಅದು ಏನೂ ಅಲ್ಲ. ಆದರೆ ಕರೆಂಟು ಹೋದರೆ ಪೆಟ್ಟಿಗೆಯೂ ಮಲಗುತ್ತದೆ, ಸಣ್ಣ ಬ್ಯಾಟರಿ ಬಹಳ ಹೊತ್ತು ಬಾರದು. ಪೊರೆ ತೀರ ತೆಳ್ಳಗಾಗಿ, ಅದನ್ನು ಕಾಯಿಸುವ ಕಾವಲಿಯೂ ಸಾಸಿವೆಗಿಂತ ಚಿಕ್ಕದಾದರೆ ಬ್ಯಾಟರಿಯಲ್ಲಿಯೇ ದಿನಗಟ್ಟಲೆ ಎಚ್ಚರವಾಗಿರಬಲ್ಲದು. ಅವನು ದುಡಿಯುತ್ತಿರುವುದು ಆ ದಿನಕ್ಕೆ. ೧೯೦೨ರಲ್ಲಿ, ಬೆಂಗಳೂರಿಗಿಂತ ೩ ವರ್ಷ ಮೊದಲೇ, ಶಿವನಸಮುದ್ರದ ವಿದ್ಯುತ್ತನ್ನು ಕಂಡ ಊರಿನಲ್ಲಿ ಕರೆಂಟು ಹೋಗುವ ಮಾತನ್ನು ಆಡಬೇಕಾಯಿತು!

ಪೆಟ್ಟಿಗೆ ಬಂತು. ಅದನ್ನು ದೇವರ ಪಟದ ಪಕ್ಕದಲ್ಲಿ, ಸೂರಿನ ಹತ್ತಿರ, ಭಕ್ತಿಯಿಂದ ನೇತುಹಾಕಿದೆ. ಹುಡುಗ ನೋಡಿ ನಕ್ಕ. ಅಡಿಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ಅವನ ತಾಯಿ ಮೊರವನ್ನು ನೆಲದ ಮಟ್ಟದಲ್ಲಿ ಬೀಸಿದುದೇಕೆಂದು ಆಗ ತಿಳಿಯಿತು. ಬೆಂಗಳೂರಿನಲ್ಲಿ ಕೊಳವೆಯಲ್ಲಿ ಬರುವ ಅನಿಲ ಮೀಥೇನು. ಅದು ಹಗುರ, ಮೇಲಕ್ಕೆ ಏರುತ್ತದೆ. ಅಲ್ಲಿಯ ಮನೆಗಳಿಗಾದರೆ ನನ್ನ ಭಕ್ತಿ ಸರಿಯಾಗಿರುತ್ತಿತ್ತು. ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲಕ್ಕೆ ಇಳಿಯಿತು.

ಅಕ್ಕ ಮಾತ್ರ ಮುಖ ತಿರುಗಿಸಿದಳು. "ನನಗೆ ಮೂಗಿಲ್ಲವೆಂದು ಬೋರ್ಡು ಹಾಕಿದ್ದೀರಿ" ಎಂದಳು. ಮೂರನೆಯ ದಿನ ಹುಡುಗ ಬಂದು ಕುಳಿತು, ಪೆಟ್ಟಿಗೆಯ ಗುಣದೋಷಗಳನ್ನು ಹೇಳುತ್ತ, "ಅಜ್ಜೀ, ಇದನ್ನು ಐದಾರು ವರ್ಷಕ್ಕೆ ಬದಲಾಯಿಸಬೇಕು" ಎಂದ.

"ಯಾಕೆ?"

"ವಯಸ್ಸಾದರೆ ಅದಕ್ಕೂ ವಾಸನೆ ಗೊತ್ತಾಗುವುದಿಲ್ಲ."

ಅಕ್ಕ ಪೆಟ್ಟಿಗೆಯ ಕಡೆ ತಿರುಗಿ ಮೊದಲ ಸಲ ಅದನ್ನು ಕಣ್ಣಿಟ್ಟು ನೋಡಿದಳು. "ಅದಕ್ಕೂ ಹೋಗುತ್ತದೆಯೇ, ಪಾಪ!" ಎಂದಳು. ಆ ಸಂಜೆ ನೆಲ ಒರೆಸುವಾಗ ಪೆಟ್ಟಿಗೆಯನ್ನೂ ಒಂದು ಒಣ ಬಟ್ಟೆಯಿಂದ ಒರೆಸಿದಳು.

ಮಕ್ಕಳಿಗೆ ನಾನು ಹೇಳಿದೆ. ಅಕ್ಕನ ಎದುರಿನಲ್ಲಿಯೇ, ಅವಳ ಒಪ್ಪಿಗೆ ಪಡೆದು. ಉರಿ ಆರಿದರೆ ತಾನಾಗಿಯೇ ಮುಚ್ಚಿಕೊಳ್ಳುವ ಒಲೆಯನ್ನು ಮಗ ಕೊಡಿ, ಒಲೆಯನ್ನು ಕೀಳುವ ಮಾತು ಆಡಲಿಲ್ಲ. ಪೆಟ್ಟಿಗೆಯ ಕೂಗು ಪಕ್ಕದ ಮನೆಗೂ ಕೇಳಿಸುವುದೆಂದು ಎರಡು ಸಲ ಪರೀಕ್ಷೆ ಮಾಡಿದೆವು. ಕೂಗುವವರಿದ್ದರೆ ಸಾಲದು, ಓಡಿಬರುವವರೂ ಬೇಕಲ್ಲ. ಮೊರ ಈಗ ಹಿಂಬಾಗಿಲಿನ ಗೂಟದಲ್ಲಿಯೇ ಇರುತ್ತದೆ.

ಪೆಟ್ಟಿಗೆ ಆಗಾಗ ಸುಮ್ಮಸುಮ್ಮನೆ ಕೂಗುವುದೂ ಉಂಟು. ಕೂಗಿದೊಡನೆ ಅಕ್ಕ ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಬಾಗಿಲು ತೆಗೆದು ಪಕ್ಕದ ಮನೆಯಾಕೆಯನ್ನು ಕರೆಯುತ್ತಾಳೆ. ಆಕೆ ಬಂದು, ಮೂಸಿ, ಏನೂ ಇಲ್ಲವೆಂದರೆ ಸರಿ. ಇದರಿಂದ ಅಕ್ಕನಿಗೆ ಬೇಸರವಾಗಿರಬೇಕೆಂದು ನಾನು ಫೋನಿನಲ್ಲಿ ಕೇಳಿದೆ.

"ಬೇಸರವೇನೋ? ಇವತ್ತು ಹುಳಿಗೆ ಒಗ್ಗರಣೆ ಕೊಟ್ಟೆ. ಚೆನ್ನಾಗಿ ಬಂತೋ ಇಲ್ಲವೋ ನನಗೇನು ಗೊತ್ತಾಗಬೇಕು? ಇದು ಕೂಗಿತು. ಆಗ ಗೊತ್ತಾಯಿತು, ಇಂಗು ಪರವಾಗಿಲ್ಲ. ಅಂಗಡಿಯವನನ್ನು ಸುಮ್ಮನೆ ಬೈದಿದ್ದೆ ಕಣೋ."